ಮೊಣಕಾಲಿನ ಶಸ್ತ್ರಚಿಕಿತ್ಸೆ: ಬೇಕೆ? ಬೇಕಾದರೆ ಎಂದು?

ಮೊಣಕಾಲು ನೋಯದ ಮನೆಯುಂಟೆ? ‘ಕೀಲು ಬದಲಾಯಿಸಿಬಿಡಿ, ಚಿಂತೆ ತೀರಿತು’ ಎನ್ನುವವರು ಕೆಲವರು. ‘ಕತ್ತಿ ತಾಗಿಸಿದರೆ ಇದ್ದ ಕಾಲೂ ಹೋದೀತು’ ಎಂದು ಹೆದರಿಸುವವರು ಕೆಲವರು. ನಮ್ಮ ಅಕ್ಕನ ವಿಷಯದಲ್ಲಿ ನಾವು ಈ ಎರಡು ಪಕ್ಷಗಳನ್ನೂ ಕೇಳಿ, ಒಮ್ಮೆ ಸರಿಯಾಗಿಯೂ ಒಮ್ಮೆ ತಪ್ಪಾಗಿಯೂ ನಡೆದುಕೊಂಡೆವು. ಅದನ್ನು ಓದುಗರ ಮುಂದಿಡುವುದು ಅನುಚಿತವಾಗಲಾರದು.

ಅಕ್ಕನಿಗೆ ಆಗ 66 ವರ್ಷ. ಎಕ್ಸ್‌ರೇ ಚಿತ್ರದಲ್ಲಿ ಮೂಳೆಗಳ ನಡುವಣ ಎಡೆ ಬಹಳ ಕಿರಿದಾಗಿದ್ದಿತು. ಅದನ್ನು ಕಂಡೊಡನೆ ಅವಳ ಮಗನು ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡಲು ಹೊರಟನು. ಆದರೆ ಚಿತ್ರಕ್ಕೂ ನೋವಿಗೂ ಯಾವಾಗಲೂ ಹೊಂದಿಕೆ ಇರುವುದಿಲ್ಲ. ಕೀಲು ಸವೆದವರೂ ಸುಖವಾಗಿ ನಡೆಯುವುದುಂಟು. ಅಕ್ಕ ಇನ್ನೂ ದೇವಸ್ಥಾನಕ್ಕೆ ನಡೆದು ಹೋಗಿಬರುತ್ತಿದ್ದಳು. ರಾತ್ರಿಯ ನಿದ್ರೆ ಕೆಟ್ಟಿರಲಿಲ್ಲ. ಮೂಳೆವೈದ್ಯರೇ, ‘ಮೊದಲು ತೊಡೆಯ ಸ್ನಾಯುಗಳಿಗೆ ವ್ಯಾಯಾಮವಾಗಲಿ, ತೂಕ ಇಳಿಯಲಿ’ ಎಂದರು. ದೇಹದ ತೂಕ 1 ಕಿಲೋ ಇಳಿದರೆ, ನಡೆಯುವಾಗ ಹೆಜ್ಜೆಹೆಜ್ಜೆಗೂ ಮೊಣಕಾಲಿನ ಹೊರೆ ಸುಮಾರು 4 ಕಿಲೋ ತಗ್ಗುವುದಂತೆ. ಅಕ್ಕ 6 ಕಿಲೋ ಇಳಿದಳು. ಎರಡು ವರ್ಷಗಳು ಚೆನ್ನಾಗಿಯೇ ಕಳೆದುವು.

ಅವಸರಪಡದಿರಲು ಬೇರೊಂದು ಕಾರಣವೂ ಉಂಟು. ಈ ಚಿಕಿತ್ಸೆಯಲ್ಲಿ ಮೊಣಕಾಲನ್ನೇ ಕಿತ್ತು ಬೇರೆಯದನ್ನು ಇಡುವುದಿಲ್ಲ. ಸವೆದ ಮೂಳೆಗಳ ತುದಿಗಳನ್ನು ಒಂದಿಷ್ಟು ಕೊಯ್ದು, ಲೋಹದ ಕವಚ ತೊಡಿಸಿ, ನಡುವೆ ಪ್ಲಾಸ್ಟಿಕ್ ತುಂಡನ್ನು ಇಡುವರು. ಅದೂ ಸವೆಯತಕ್ಕದ್ದೇ. 2019ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಲೆಕ್ಕದಂತೆ ಇಂತಹ ಕೀಲುಗಳಲ್ಲಿ 100ಕ್ಕೆ ಸುಮಾರು 82 ಇಪ್ಪತ್ತೈದು ವರ್ಷ ಬಾಳುವುವು. 70 ವರ್ಷದವರಿಗೆ ಅಷ್ಟು ಸಾಕು. 50ರಲ್ಲಿಯೇ ಮಾಡಿಸಿಕೊಂಡವರಿಗೆ ಎರಡನೆಯ ಸಲ ಕೊಯ್ಯಬೇಕಾಗಿ ಬರಬಹುದು, ಅದು ಮೊದಲನೆಯದಕ್ಕಿಂತ ಕಠಿನ.

ಇಲ್ಲಿಯವರೆಗೆ ನಾವು ಸರಿ. ಮೂರನೆಯ ವರ್ಷ ನೋವು ಅಕ್ಕನನ್ನು ರಾತ್ರಿ ಎಬ್ಬಿಸತೊಡಗಿತು. ದೇವಸ್ಥಾನ ನಿಂತಿತು, ಪಕ್ಕದ ಮನೆಯೂ ದೂರವಾಯಿತು. ನಾವು ಮಾತ್ರ ಅವಳ ಸಹನೆಯನ್ನು ಹೊಗಳುತ್ತ ಕುಳಿತೆವು! ಅಷ್ಟರಲ್ಲಿ ತೊಡೆ ಸೊರಗಿತು, ಮೊಣಕಾಲು ಪೂರ್ಣ ಮಡಿಸಲೂ ಬಾರದೆ ನೀಡಲೂ ಬಾರದೆ ಬಿಗಿಯಿತು. ಮೊದಲೇ ಬಿಗಿದ ಕಾಲು ಚಿಕಿತ್ಸೆಯ ಅನಂತರವೂ ಸಾಮಾನ್ಯವಾಗಿ ಅಷ್ಟಾಗಿ ಮಡಿಸದೆಂದು ವೈದ್ಯರು ಹೇಳಿದಾಗ ನಮಗೆ ನಾಚಿಕೆಯಾಯಿತು.

ಮಗನು ಹಣದ ಮಾತು ವಿಚಾರಿಸಿದನು. 2017ರ ಆಗಸ್ಟಿನಲ್ಲಿ ಕೇಂದ್ರ ಸರಕಾರವು ಕೃತಕ ಕೀಲಿನ ಬೆಲೆಗೆ ಮಿತಿ ಹಾಕಿತು. ಆಸ್ಪತ್ರೆಯ ಉಳಿದ ವೆಚ್ಚ ಬೇರೆ. ಅಕ್ಕ ಕೇಳಿದ್ದು ಒಂದೇ: ‘ದೇವರ ಮುಂದೆ ನೆಲದ ಮೇಲೆ ಕೂಡಬಹುದೆ?’ ಬೇಡವೆಂದರು ವೈದ್ಯರು. ಗಾಯ ಕೀವುಗಟ್ಟುವ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯವನ್ನೂ, ಹತ್ತರಲ್ಲಿ ಒಬ್ಬಿಬ್ಬರಿಗೆ ತೃಪ್ತಿಯಾಗದಿರುವುದನ್ನೂ ಅವರು ಮುಚ್ಚಿಡಲಿಲ್ಲ. ಅಕ್ಕ ಒಂದು ವಾರ ಯೋಚಿಸಿ, ‘ತಮ್ಮಾ, ಕುರ್ಚಿಯಲ್ಲಿ ಕೂತರೂ ದೇವರು ಕಾಣಿಸುತ್ತಾನೆ. ಮಾಡಿಸೋಣ’ ಎಂದಳು. ನಾವಾರೂ ಅವಳಿಗೆ ಬದಲಾಗಿ ಈ ಮಾತನ್ನು ಹೇಳಲಾಗುತ್ತಿರಲಿಲ್ಲ.

ಚಿಕಿತ್ಸೆಯ ಮರುದಿನವೇ ಅವಳನ್ನು ನಿಲ್ಲಿಸಿ ನಡೆಸಿದರು. ಮೊದಲ ಆರು ವಾರಗಳ ವ್ಯಾಯಾಮದಲ್ಲಿ ಕಣ್ಣೀರು ಬಂದುದುಂಟು. ಈಗ ಮೆಟ್ಟಿಲು ಹತ್ತುತ್ತಾಳೆ, ಕಾಲು ಸ್ವಲ್ಪ ಕಡಮೆಯೇ ಮಡಿಸುತ್ತದೆ. ಇನ್ನೊಂದು ಕಾಲಿನ ಮಾತನ್ನು ಈಗಲೇ ಎತ್ತಕೂಡದೆಂದಿದ್ದಾಳೆ. ಆದರೆ ನೋವಿನಿಂದ ಎಚ್ಚರವಾದ ರಾತ್ರಿಗಳಿಗೆ ಗೋಡೆಯ ಕ್ಯಾಲೆಂಡರಿನಲ್ಲಿ ಒಂದೊಂದು ಚುಕ್ಕೆ ಇಡುತ್ತಿದ್ದಾಳೆ. ಈ ತಿಂಗಳು ಮೂರು ಚುಕ್ಕೆಗಳಿವೆ.