ಸೇಂಟ್ ಪೀಟರ್ ಬೀದಿಯ ಮೈಕಿಲ್ಲದ ಕಛೇರಿ

ನ್ಯೂ ಆರ್ಲಿಯನ್ಸ್‌ಗೆ ಹೋದ ಎಷ್ಟೋ ಪ್ರವಾಸಿಗರು ಬೋರ್ಬನ್ ಬೀದಿಯ ಗದ್ದಲದಲ್ಲಿ ಒಂದು ಸಂಜೆ ಸುತ್ತಾಡಿ, ಜಾಝ್ ಕೇಳಿದ್ದಾಯಿತು ಎಂದುಕೊಂಡು ಊರು ಬಿಡುತ್ತಾರೆ. ಅದೇ ಬೀದಿಯಿಂದ ಸೇಂಟ್ ಪೀಟರ್ ಬೀದಿಗೆ ಹೊರಳಿ ನಾಲ್ಕು ಹೆಜ್ಜೆ ಇಟ್ಟರೆ 726ನೇ ನಂಬರಿನ ಹಳೆಯ ಕಟ್ಟಡ ಸಿಗುತ್ತದೆ. ಬಣ್ಣ ಮಾಸಿದ ಗೋಡೆ, ಕಬ್ಬಿಣದ ಗೇಟು. ಅದೇ ಪ್ರಿಸರ್ವೇಶನ್ ಹಾಲ್.

ಹೆಸರಿಗೆ ಹಾಲ್, ಅಳತೆಯಲ್ಲಿ ನಮ್ಮ ಹಳ್ಳಿಮನೆಗಳ ಪಡಸಾಲೆಯಷ್ಟೇ. ನೂರು ಜನ ಸೇರಿದರೆ ಕಾಲಿಡಲು ಜಾಗವಿಲ್ಲ. ಮುಂದಿನವರಿಗೆ ನೆಲದ ಮೇಲೆ ದಿಂಬು, ಅವರ ಹಿಂದೆ ಕೆಲವು ಬೆಂಚು, ಉಳಿದವರು ನಿಂತೇ ಕೇಳಬೇಕು. ಎತ್ತರದ ವೇದಿಕೆಯಿಲ್ಲ, ಮೈಕಿಲ್ಲ. ಟ್ರಾಂಬೋನಿನವರು ಕೊಳವೆ ಚಾಚಿದರೆ ಮುಂದೆ ಕೂತವರ ಮೊಣಕಾಲಿಗೆ ತಾಗೀತು, ಅಷ್ಟು ಹತ್ತಿರ. ಕ್ಲಾರಿನೆಟ್ ನುಡಿಸುವವರು ಉಸಿರೆಳೆದುಕೊಳ್ಳುವುದೂ ಕಿವಿಗೆ ಬೀಳುತ್ತದೆ.

ಈ ಊರಿನ ಜಾಝ್‌ಗೆ ಇಂಥ ಸಣ್ಣ ಕೋಣೆಯೇ ಸರಿ ಎಂದು ನನಗನ್ನಿಸುವುದಕ್ಕೆ ಕಾರಣವಿದೆ. ಇಲ್ಲಿ ಟ್ರಂಪೆಟ್ ರಾಗ ಹಿಡಿದು ನಡೆಯುತ್ತದೆ, ಕ್ಲಾರಿನೆಟ್ ಅದರ ಮೇಲೆ ಕುಸುರಿ ಮಾಡುತ್ತದೆ, ಟ್ರಾಂಬೋನ್ ಕೆಳಗಿನಿಂದ ಉತ್ತರ ಕೊಡುತ್ತದೆ. ಎಲ್ಲವೂ ಏಕಕಾಲಕ್ಕೆ, ಬಹುಪಾಲು ಆ ಕ್ಷಣದ ಮನೋಧರ್ಮದಲ್ಲಿ. ಒಬ್ಬರ ನಾದ ಇನ್ನೊಬ್ಬರನ್ನು ಮುಚ್ಚದಂತೆ ನೋಡಿಕೊಳ್ಳಲು ಧ್ವನಿವರ್ಧಕದ ಮುಂದೆ ಕೂತ ತಂತ್ರಜ್ಞರಿಲ್ಲ. ನುಡಿಸುವವರೇ ಪರಸ್ಪರ ಕಿವಿಗೊಟ್ಟು ತಗ್ಗಬೇಕು, ಏರಬೇಕು. ಧಾರವಾಡದ ಮನೆ ಬೈಠಕ್‌ಗಳಲ್ಲಿ ಕೂತು ಕೇಳಿದವರಿಗೆ ಈ ಸುಖ ಹೊಸದೇನಲ್ಲ.

1950ರ ದಶಕದಲ್ಲಿ ಈ ಕಟ್ಟಡ ಲ್ಯಾರಿ ಬೋರೆನ್‌ಸ್ಟೀನ್ ಎಂಬವರ ಚಿತ್ರಗಳ ಅಂಗಡಿ. ರಾಕ್ ಅಂಡ್ ರೋಲ್‌ನ ಅಲೆಯಲ್ಲಿ ಊರಿನ ಹಿರಿಯ ಜಾಝ್ ಕಲಾವಿದರಿಗೆ ಕೆಲಸ ಸಿಗುವುದೇ ಕಷ್ಟವಾಗಿತ್ತು. ಅಂಗಡಿ ಬಿಟ್ಟು ಹೋಗಿ ಕೇಳಲಾಗದ ಬೋರೆನ್‌ಸ್ಟೀನ್ ಆ ಕಲಾವಿದರನ್ನೇ ಅಂಗಡಿಗೆ ಕರೆಸಿ ನುಡಿಸುವಂತೆ ಮಾಡಿದರು. 1961ರಲ್ಲಿ ಪೆನ್ಸಿಲ್ವೇನಿಯಾದಿಂದ ಬಂದ ನವದಂಪತಿ ಅಲನ್ ಮತ್ತು ಸಾಂಡ್ರಾ ಜಾಫೆ ಈ ಸಂಗೀತಕ್ಕೆ ಸೋತು ಇಲ್ಲೇ ನೆಲೆಸಿದರು, ಹಾಲ್ ಶುರುವಾಯಿತು. ಬಾಗಿಲಲ್ಲಿ ಬುಟ್ಟಿ ಹಿಡಿದು ಹಣ ಕೂಡಿಸುವುದು ಸಾಂಡ್ರಾ ಕೆಲಸ. ಅಲನ್ ಟ್ಯೂಬಾ ನುಡಿಸುತ್ತಿದ್ದರು.

ಕಪ್ಪು ಜನರೂ ಬಿಳಿಯರೂ ಜೊತೆಯಾಗಿ ಕೂರುವುದಕ್ಕೇ ನಿರ್ಬಂಧವಿದ್ದ ಕಾಲವದು. ಈ ಬೆಂಚುಗಳ ಮೇಲೆ ಇಬ್ಬರೂ ಕೂತರು. ಆ ತಪ್ಪಿಗೆ ಒಮ್ಮೆ ಸಾಂಡ್ರಾ ಅವರನ್ನೂ ಇಲ್ಲಿ ನುಡಿಸುತ್ತಿದ್ದ ಕಿಡ್ ಥಾಮಸ್ ವ್ಯಾಲೆಂಟೈನ್ ತಂಡದವರನ್ನೂ ಪೊಲೀಸರು ಬಂಧಿಸಿದ್ದರು. ಹಾಲ್‌ನ ಚರಿತ್ರೆಯಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಗೌರವಿಸುವುದು ಈ ಧೈರ್ಯವನ್ನು.

ಇಲ್ಲಿ ನುಡಿಸಿದ ಮೊದಲ ತಲೆಮಾರಿನವರಲ್ಲಿ ಹಡಗುಕಟ್ಟೆಯಲ್ಲಿ ಸರಕು ಹೊತ್ತು ದುಡಿದಿದ್ದ ಕ್ಲಾರಿನೆಟ್ ವಾದಕ ಜಾರ್ಜ್ ಲೂಯಿಸ್ ಇದ್ದರು. ಪಿಯಾನೊ ವಾದಕಿ ಸ್ವೀಟ್ ಎಮ್ಮಾ ಬ್ಯಾರೆಟ್ ಕಾಲಿಗೆ ಗೆಜ್ಜೆಯಂತೆ ಗಂಟೆ ಕಟ್ಟಿಕೊಂಡು ನುಡಿಸುತ್ತಿದ್ದರು. 1967ರಲ್ಲಿ ಪಾರ್ಶ್ವವಾಯು ಹೊಡೆದು ಎಡಗೈ ಸ್ವಾಧೀನ ತಪ್ಪಿದರೂ ಆಕೆ ಪಿಯಾನೊ ಬಿಡಲಿಲ್ಲ, ಬಲಗೈಯೊಂದರಲ್ಲೇ ನುಡಿಸಿದರು.

ಅಲನ್ 1987ರಲ್ಲಿ ತೀರಿಕೊಂಡರು. ಈಗ ಹೊಣೆ ಮಗ ಬೆನ್ ಅವರದು. ಅವರೂ ಬಾಸ್, ಟ್ಯೂಬಾ ನುಡಿಸುತ್ತಾರೆ. 2005ರ ಕತ್ರಿನಾ ಚಂಡಮಾರುತ, 2020ರ ಕೋವಿಡ್ ಎರಡೂ ಬಾಗಿಲು ಮುಚ್ಚಿಸಿದವು. ಎರಡು ಸಲವೂ ಹಾಲ್ ಮತ್ತೆ ತೆರೆಯಿತು.

ಕಾರ್ಯಕ್ರಮ ಒಂದು ಗಂಟೆಯೊಳಗೆ ಮುಗಿಯುತ್ತದೆ, ಸಂಜೆಯಲ್ಲಿ ಹಲವು ಸರದಿಗಳಿರುತ್ತವೆ. ಮಕ್ಕಳನ್ನೂ ಕರೆದೊಯ್ಯಬಹುದು. ಟಿಕೆಟ್ ಮುಂಗಡ ತೆಗೆದುಕೊಳ್ಳುವುದು ಕ್ಷೇಮ; ಬೆಂಚಿನ ಜಾಗಕ್ಕೆ ಹೆಚ್ಚು ಹಣ. ನುಡಿಸುವಾಗ ಫೋಟೊ, ವಿಡಿಯೊ ತೆಗೆಯುವಂತಿಲ್ಲ, ಒಳ್ಳೆಯ ನಿಯಮ. ಸಮಯವಿದ್ದರೆ ಕಾರ್ಯಕ್ರಮಕ್ಕೂ ಮೊದಲು ಇದೇ ಬೀದಿ ಹಿಡಿದು ನದಿಗೆ ಬೆನ್ನುಮಾಡಿ ನಡೆದು ಕಾಂಗೋ ಸ್ಕ್ವೇರ್ ನೋಡಿ ಬನ್ನಿ. ಗುಲಾಮರಾಗಿದ್ದ ಆಫ್ರಿಕನ್ನರು ಭಾನುವಾರಗಳಂದು ಕೂಡಿ ಡೋಲು ಬಾರಿಸಿ ಕುಣಿಯುತ್ತಿದ್ದ ಬಯಲದು. ಸಂಜೆ ಕೇಳುವ ತಾಳದ ಬೇರು ಅಲ್ಲಿದೆ.