ಕನಕಾಂಬರಕ್ಕೆ ಬೇಕಾದ್ದು ಬೆಳಕು, ಬಿಸಿಲಲ್ಲ

ಮಡಕಶಿರಾ ಸೀಮೆಯ ನಮ್ಮೂರಲ್ಲಿ ಕನಕಾಂಬರಕ್ಕೆ ಎರಡು ಹೆಸರಿಲ್ಲ. ತೆಲುಗಿನಲ್ಲಿ ಕೊನೆಗೊಂದು ಸೊನ್ನೆ ಸೇರುತ್ತದೆ, ಅಷ್ಟೇ. 2022ರಲ್ಲಿ ನಮ್ಮನ್ನು ಅನಂತಪುರದಿಂದ ಬಿಡಿಸಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿಸಿದಾಗಲೂ ಹೂವಿನ ಹೆಸರು ಬದಲಾಗಲಿಲ್ಲ.

ಆದರೆ ಬೆಳಕು ಬೇರೆ, ಬಿಸಿಲು ಬೇರೆ. ತೆಲುಗಿನಲ್ಲೂ ವೆಲುಗು ಬೇರೆ, ಎಂಡ ಬೇರೆ. ಎರಡೂ ನುಡಿಯಲ್ಲಿ ಪದ್ಯ ಕಟ್ಟುವ ನನಗೆ ಇದು ಗೊತ್ತಿತ್ತು. ಹೊಲದಲ್ಲಿ ಮರೆತೆ.

2016ರಲ್ಲಿ 20 ಸೆಂಟಿಗೆ ಡೆಲ್ಲಿ ಕನಕಾಂಬರ ಹಾಕಿದ್ದೆ. ಈ ತಳಿ ಬೀಜ ಕಟ್ಟುವುದಿಲ್ಲ, ಕಡ್ಡಿ ನೆಟ್ಟೇ ಬೆಳೆಸಬೇಕು. ಕಡ್ಡಿಗೆ ಸಾಲ ತಂದಿದ್ದೆ. ಪಡುವಲ ಬದುವಿನಲ್ಲಿ ದೊಡ್ಡ ಹೊಂಗೆ ಮರ. ನೆರಳು ಬಿದ್ದು ಹೂ ಕಡಿಮೆಯಾಗ್ತದೆ ಅಂತ ಸಂಕ್ರಾಂತಿ ಕಳೆದ ಮೇಲೆ ಮರ ಕೆಡವಿಸಿದೆ. ಅದರಡಿ ಕೂತು ಹೂ ಕಟ್ಟುತ್ತಿದ್ದ ನಮ್ಮವ್ವ, "ಅದ್ಕೆ ಬೆಳಕು ಬೇಕು ಕಣಪ್ಪಾ, ಬಿಸ್ಲು ಬ್ಯಾಡ" ಅಂದಳು. ನಾನು ಎಸ್ಸೆಸ್ಸೆಲ್ಸಿ ಓದಿದವನು, ಕೇಳಲಿಲ್ಲ.

ಚೈತ್ರ ಬಂತು. ಮಧ್ಯಾಹ್ನದ ಬಿಸಿಲಿಗೆ ಎಲೆ ಮುದುರಿತು, ತೆನೆ ಗಿಡ್ಡವಾಯಿತು, ಕೆಂಗಿತ್ತಳೆ ಬಣ್ಣ ತೊಳೆದ ಸೀರೆಯಂತೆ ಮಾಸಿತು. ಈ ಹೂವಿಗೆ ವಾಸನೆಯಿಲ್ಲ. ಬಣ್ಣ ಹೋದರೆ ಮಾರುವುದೇನನ್ನು? ಮದುವೆ ಕಾಲದ ರೇಟು ಕೈತಪ್ಪಿತು. ತೆಂಗಿನ ಸಾಲಿನ ನಡುವೆ ಹಾಕಿದ್ದ ನನ್ನ ತಮ್ಮನ ಹೂ ಮಾತ್ರ ಬೆಂಕಿಯ ಹಾಗಿತ್ತು.

ಹಾಗಂತ ಕತ್ತಲೂ ಆಗದು. ಪಕ್ಕದವರ ಹುಣಸೆ ಮರದಡಿಯ ಸಾಲಿನಲ್ಲಿ ಗೆಣ್ಣು ಉದ್ದುದ್ದ, ಎಲೆ ಕಪ್ಪು ಹಸಿರು, ತೆನೆ ಅಲ್ಲೊಂದು ಇಲ್ಲೊಂದು. ಬೆಳಗಿನ ಎಳೆಬಿಸಿಲು ನೇರವಾಗಿ ಬೀಳಬೇಕು, ಹೊತ್ತು ನೆತ್ತಿಗೇರಿದ ಮೇಲೆ ಸೋಸಿದ ಬೆಳಕು ಸಿಗಬೇಕು. ಪಡುವಲ ಹೊಂಗೆ ಮಾಡುತ್ತಿದ್ದದ್ದು ಅದನ್ನೇ.

ನಾನು ನೋಡುವ ಬಗೆ ಇದು: ನಡುಮಧ್ಯಾಹ್ನ ಗಿಡದ ಮೇಲೆ ಕೈ ಹಿಡಿಯಿರಿ. ನೆರಳು ಮಸಿಯಲ್ಲಿ ಬರೆದ ಹಾಗೆ ಬಿದ್ದರೆ ಬಿಸಿಲು ಹೆಚ್ಚು. ನೆರಳೇ ಕಾಣದಿದ್ದರೆ ಬೆಳಕು ಸಾಲದು. ಅಂಚು ಮಸುಕಾಗಿ ಕಂಡರೆ ಸರಿ. ಪಟ್ಟಣದವರು ಕುಂಡವನ್ನು ಮೂಡಲ ಜಗಲಿಯಲ್ಲಿಡಿ. ಪಡುವಲ ಗೋಡೆ ಬೇಡ, ಅದರ ಕಾವೇ ಗಿಡವನ್ನು ಸುಡುತ್ತದೆ.

ಆ ಮಳೆಗಾಲದಲ್ಲೇ ಬದುವಿಗೆ ಅಗಸೆ ಬೀಜ ಊರಿದೆ. ಬೇಗ ಏಳುವ ಮರ, ಸಣ್ಣ ಎಲೆ, ನೆರಳು ಜಾಳುಜಾಳು. ಆಷಾಢದ ಮೋಡ ಕವಿಯುವ ಮುಂಚೆ ಕೊಂಬೆ ಸವರುತ್ತೇನೆ, ಸೊಪ್ಪು ಆಡಿಗೆ. ಹೊಸ ಕಡ್ಡಿ ನೆಟ್ಟು ಸಾಲ ತೀರಿಸೋದಕ್ಕೆ ಮೂರು ವರ್ಷ ಹಿಡಿಯಿತು.

ಅವ್ವ 2019ರಲ್ಲಿ ಹೋದಳು. ಕಡಿದ ಹೊಂಗೆಯ ಬುಡ ಚಿಗುರಿ ಈಗ ಮನೆ ಸೂರಿನೆತ್ತರ ಬಂದಿದೆ. ಸೌದೆಯವರು ಬಂದು ಕೇಳಿದರು. ಕೊಡಲಿಲ್ಲ.