ಬನ್ನಿ ಯಾವುದು, ಜಾಲಿ ಯಾವುದು?

ವಿಜಯದಶಮಿಯ ಸಂಜೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ಮಕ್ಕಳು ಹಿರಿಯರ ಕೈಗೆ ಎಲೆಯಿಟ್ಟು, 'ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ' ಎಂದು ನಮಸ್ಕರಿಸುತ್ತಾರೆ. ಆ ಎಲೆಯನ್ನು ಎಂದಾದರೂ ಗಮನವಿಟ್ಟು ನೋಡಿದ್ದೀರಾ? ಒಬ್ಬರು ಕೊಟ್ಟದ್ದು ಜಾಲಿಯಂಥ ಸಣ್ಣ ಎಲೆಗಳ ಎಸಳು. ಇನ್ನೊಬ್ಬರು ಕೊಟ್ಟದ್ದು ಎತ್ತಿನ ಗೊರಸಿನಂತೆ ತುದಿ ಸೀಳಿದ ಎಲೆ. ಹೆಸರು ಒಂದೇ, ಮರ ಮಾತ್ರ ಬೇರೆ ಬೇರೆ!

ಗೊರಸಿನಂಥ ಎಲೆ ಆಪ್ಟಾ ಮರದ್ದು. ಇದು ಮಂದಾರದ ಬಳಗ, ಮುಳ್ಳಿಲ್ಲ. ಪಾಂಡವರು ಆಯುಧ ಬಚ್ಚಿಟ್ಟರೆಂಬ ಶಮೀವೃಕ್ಷ ಇನ್ನೊಂದು. ರಾಜಸ್ಥಾನದಲ್ಲಿ ಇದಕ್ಕೆ ಖೇಜಡಿ ಎನ್ನುತ್ತಾರೆ. 1730ರಲ್ಲಿ ಜೋಧಪುರದ ಬಳಿಯ ಖೇಜಡ್ಲಿಯಲ್ಲಿ ಈ ಮರಗಳನ್ನು ಉಳಿಸಲು ಅಮೃತಾದೇವಿಯ ಹಿಂದೆ 363 ಬಿಷ್ಣೋಯಿಗಳು ಪ್ರಾಣ ಕೊಟ್ಟರೆಂಬುದು ಪ್ರಸಿದ್ಧ.

ಶಮಿಯನ್ನು ಗುರುತಿಸುವುದೇ ಕಷ್ಟ. ಹೊಲದ ಬದುವಿನಲ್ಲಿ ಕರಿಜಾಲಿ, ಬಳ್ಳಾರಿ ಜಾಲಿಗಳೂ ಅದರಂತೆಯೇ ಕಾಣುತ್ತವೆ. ಆಗ ಹೀಗೆ ಮಾಡಿ.

ಮೊದಲು ಎಲೆ ಯಾವುದೆಂದು ತಿಳಿಯಿರಿ. ಟೊಂಗೆಗೆ ಎಲೆಯ ತೊಟ್ಟು ಸೇರುವ ಸಂದಿನಲ್ಲಿ ಮೊಗ್ಗು ಇರುತ್ತದೆ. ಸಣ್ಣ ಎಸಳಿನ ಬುಡದಲ್ಲಿ ಮೊಗ್ಗಿಲ್ಲದಿದ್ದರೆ ಅದು ಎಲೆಯಲ್ಲ, ಎಲೆಯ ತುಣುಕು. ಶಮಿ, ಜಾಲಿಗಳಲ್ಲಿ ಇಂಥ ನೂರಾರು ತುಣುಕು ಕಂಡರೂ ಎಲ್ಲ ಸೇರಿ ಕೆಲವೇ ಎಲೆ.

ಮುಂದೆ ಟೊಂಗೆ ನೋಡಿ. ಕಬ್ಬಿನಂತೆ ಇದಕ್ಕೂ ಗಿಣ್ಣುಗಳಿವೆ. ಎಲೆ ಹುಟ್ಟುವುದು ಅಲ್ಲಿಯೇ. ಕರಿಜಾಲಿಯ ನೀಳವಾದ ಮುಳ್ಳು ಗಿಣ್ಣಿನಲ್ಲಿ ಜೋಡಿಯಾಗಿರುತ್ತದೆ. ಬಳ್ಳಾರಿ ಜಾಲಿಯ ಮುಳ್ಳೂ ಗಿಣ್ಣಿನಲ್ಲೇ. ಶಮಿಯದು ಹಾಗಲ್ಲ. ಬುಡ ಅಗಲವಾದ ಗಿಡ್ಡ ಮುಳ್ಳುಗಳು ಎರಡು ಗಿಣ್ಣುಗಳ ನಡುವೆ ಅಲ್ಲಲ್ಲಿ ಚದುರಿರುತ್ತವೆ. ಹೂವಿದ್ದರೆ ಇನ್ನೂ ಸುಲಭ: ಕರಿಜಾಲಿಯದು ಹಳದಿ ಗುಂಡು, ಶಮಿಯದು ನೀಳವಾದ ತೆನೆ.

ಇದು ಬರೀ ಪರೀಕ್ಷೆಯ ಅಂಕಕ್ಕಲ್ಲ. ಬಳ್ಳಾರಿ ಜಾಲಿ 19ನೇ ಶತಮಾನದಲ್ಲಿ ಅಮೆರಿಕ ಖಂಡದಿಂದ ಬಂದು ಹಬ್ಬಿದ ಗಿಡ. ಅದನ್ನು ಕಿತ್ತೆಸೆಯುವುದು ಸರಿಯೇ. ಆದರೆ ಮುಳ್ಳು ಕಂಡೊಡನೆ ಕೊಡಲಿ ಎತ್ತಿದರೆ ಬದುವಿನ ಶಮಿಯ ಸಸಿಯೂ ಅದರೊಡನೆ ಹೋದೀತು. ಮುಂದೆ ಪೂಜೆಗೆ ಮರವೆಲ್ಲಿ?

ಮುಂದಿನ ರವಿವಾರ ಅಪ್ಪನೊಂದಿಗೆ ಹೊಲಕ್ಕೆ ಹೋದಾಗ ಬದುವಿನ ಗಿಡದ ಟೊಂಗೆಯನ್ನು ಮುರಿಯದೆ, ಮೆಲ್ಲಗೆ ಬಾಗಿಸಿ ನೋಡಿ. ಮುಳ್ಳು ಗಿಣ್ಣಿನಲ್ಲಿದೆಯೋ, ನಡುವೆ ಇದೆಯೋ? ಉತ್ತರ ಅಪ್ಪನಿಗೂ ಹೇಳಿ.